ಕೊನೆಯ ತುಂಡು

ಮೊದಲ ಚೀಟಿ ಬಂದ ರೂನೆ ಎದ್ದುಹೋಗಿ ಗಾಜಿನ ಬಟ್ಟಲನ್ನು ಎತ್ತಿಕೊಂಡಾಗ ಗುನ್ನೆಲ್‌ಗೆ ಅಷ್ಟೇನೂ ಬೇಸರವಾಗಲಿಲ್ಲ. ರೂನೆ ಯಾವಾಗಲೂ ಗಾಜನ್ನೇ ಆರಿಸುವವನು. ಅವನ ಮನೆಯ ಕಿಟಕಿಕಟ್ಟೆಗಳ ಮೇಲೆಲ್ಲ ಗಾಜಿನ ಸಾಮಾನು ತುಂಬಿಹೋಗಿ ಹೂಕುಂಡಗಳು ನೆಲಕ್ಕಿಳಿದಿವೆ. ಎರಡನೆಯ ಚೀಟಿ ಗ್ರಂಥಾಲಯದಲ್ಲಿ ಕೆಲಸ ಮಾಡುವ ಹೆಂಗಸಿಗೆ ಬಂತು. ಅವಳು ಗೋಡೆಯುದ್ದಕ್ಕೂ ಒಂದು ಸುತ್ತು ಬಂದು, ಗುನ್ನೆಲ್ ಬರೆದ ಚಿತ್ರದ ಮುಂದೆ ನಿಂತು, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, "ಆಹಾ, ಎಷ್ಟು ಚೆನ್ನಾಗಿದೆ!" ಎಂದು ಉಸಿರುಬಿಟ್ಟು, ಅದರ ಪಕ್ಕದಲ್ಲಿದ್ದ ನೇಯ್ಗೆಯ ದಿಂಬನ್ನು ಕಂಕುಳಲ್ಲಿ ಇರುಕಿಸಿಕೊಂಡು ಹೋದಳು. ಆಗ ಮಾತ್ರ ಗುನ್ನೆಲ್ ತನ್ನ ಕೈಯಲ್ಲಿದ್ದ ಕಾಫಿ ಫ್ಲಾಸ್ಕಿನ ಮುಚ್ಚಳವನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ತಿರುಗಿಸಿದಳು.

ಗ್ರಾನ್‌ಸೇಲೆ ಕಲಾಸಂಘದ ವಾರ್ಷಿಕ ಸಭೆ ಮಾರ್ಚ್ ತಿಂಗಳ ಒಂದು ಭಾನುವಾರ, ಊಟದ ಹೊತ್ತು ಕಳೆದ ಮೇಲೆ, ಹಳೆಯ ಅಗ್ನಿಶಾಮಕ ಠಾಣೆಯಲ್ಲಿ ನಡೆಯುತ್ತದೆ. ಹಿಂದೆ ಕೆಂಪು ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಕುರ್ಚಿ, ಮೇಜು. ಸದಸ್ಯರ ಚಂದಾದಿಂದ ಸಂಘ ವರ್ಷವಿಡೀ ಒಂದಿಷ್ಟು ಚಿತ್ರ, ಮಡಕೆ, ನೇಯ್ಗೆ ಕೊಳ್ಳುತ್ತದೆ. ಸಭೆಯ ದಿನ ಅವನ್ನೆಲ್ಲ ಸಾಲಾಗಿ ಇಟ್ಟು ಚೀಟಿ ಎತ್ತುತ್ತಾರೆ. ಮೊದಲು ಹೆಸರು ಬಂದವರಿಗೆ ಮೊದಲ ಆಯ್ಕೆ, ಆಮೇಲೆ ಬಂದವರಿಗೆ ಆಮೇಲೆ. ಹೆಸರು ಬಾರದವರಿಗೆ ಕಾಫಿ, ಕೇಕು. ಇಷ್ಟು ಸುಲಭವಾದ ಏರ್ಪಾಟನ್ನು ಅಧ್ಯಕ್ಷ ಸ್ಟೆಲ್ಲಾನ್ ಪ್ರತಿವರ್ಷ ತಾನೇ ಆ ಬೆಳಿಗ್ಗೆ ಕಂಡುಹಿಡಿದವನಂತೆ ವಿವರಿಸುತ್ತಾನೆ. ಅವನು ನಿವೃತ್ತ ದಂತವೈದ್ಯ. ಊರವರ ಬಾಯಿ ತೆರೆಸಿ ಮಾತು ನಿಲ್ಲಿಸಿಯೇ ಬದುಕು ಕಳೆದವನು. ಈಗಲೂ ಅವನು ಮಾತಾಡುವಾಗ ಯಾರೂ ನಡುವೆ ಬಾಯಿ ಹಾಕುವುದಿಲ್ಲ.

ಸಂಘ ಗುನ್ನೆಲ್‌ಳ ಚಿತ್ರವನ್ನು ಕೊಳ್ಳುವುದೇ ಅಪರೂಪ. ಕೊಳ್ಳಬಾರದೆಂದೇನೂ ಅಲ್ಲ, ನಮ್ಮವಳೇ ಆಗಿರುವಾಗ ಕೊಂಡರೆ ನೋಡಿದವರು ಏನೆಂದುಕೊಂಡಾರು ಎಂಬ ಸಂಕೋಚ. ದೂರದ ಊರಿನವರು ಎರಡು ಗೆರೆ ಎಳೆದು ಕಳಿಸಿದರೂ ಕೊಳ್ಳುತ್ತಾರೆ, ಏಕೆಂದರೆ ಅವರನ್ನು ನಾಳೆ ಅಂಗಡಿಯಲ್ಲಿ ಎದುರಿಗೆ ನೋಡಬೇಕಾಗಿಲ್ಲ. ಇದೇ ಠಾಣೆಯ ಮಹಡಿಯಲ್ಲಿ ಗುರುವಾರ ಗುರುವಾರ ಊರವರನ್ನು ಕೂಡಿಸಿಕೊಂಡು ಕುಂಚ ಹಿಡಿಯುವುದನ್ನು ಹೇಳಿಕೊಟ್ಟವಳು ಗುನ್ನೆಲ್. ಊರಲ್ಲಿ ಅರ್ಧ ಮನೆಗಳ ಶೌಚಾಲಯದ ಗೋಡೆಯ ಮೇಲಿರುವ ಹೂವಿನ ಚಿತ್ರಗಳು ಅವಳ ಶಿಷ್ಯರವೇ. ಅವಳದೇ ಕೆಲಸವನ್ನು ಮಾತ್ರ ಸಂಘ ಹಿಂದೆ ಎರಡು ಸಲ ಕೊಂಡಿತ್ತು, ಎರಡು ಸಲವೂ ಅದು ಕೊನೆಯವರೆಗೆ ಗೋಡೆಯ ಮೇಲೆ ಉಳಿದಿತ್ತು. ಒಂದನ್ನು ರೂನೆಯ ತಂಗಿ, ಬೇರೆ ಏನೂ ಉಳಿದಿಲ್ಲವೆಂದು, ನಗುನಗುತ್ತಾ ಒಯ್ದಿದ್ದಳು. ಮುಂದಿನ ಬೇಸಿಗೆಯಲ್ಲಿ ಅದು ಅವರ ದೋಣಿಮನೆಯ ಒಡೆದ ಕಿಟಕಿಗೆ ಅಡ್ಡವಾಗಿ ನಿಂತಿದ್ದನ್ನು ಗುನ್ನೆಲ್ ಕಣ್ಣಾರೆ ಕಂಡಳು.

ಈ ಸಲ ಮೂರನೆಯದು. ಹೊರಡುವ ಮುಂಚೆ ಕನ್ನಡಿಯ ಮುಂದೆ ಶಾಲು ಸುತ್ತಿಕೊಳ್ಳುತ್ತಾ ಅವಳು ಗಂಡ ವರ್ನರ್‌ಗೆ ಸ್ಪಷ್ಟವಾಗಿಯೇ ಹೇಳಿದ್ದಳು. "ಇವತ್ತೂ ನನ್ನದೇ ಕೊನೆಗೆ ಉಳಿದ್ರೆ ಮಹಡಿ ಕೀಲಿಕೈನ ಸ್ಟೆಲ್ಲಾನ್ ಮುಂದೆ ಇಟ್ಟು ಬಂದುಬಿಡ್ತೀನಿ. ಈ ಊರಿಗೆ ಬಣ್ಣ ಕಲಿಸಿದ್ದು ಸಾಕು."

"ಸರಿ," ಎಂದಿದ್ದ ವರ್ನರ್. ಬಸ್ಸು ಓಡಿಸಿ ನಿವೃತ್ತನಾದವನು. ಯಾವ ಮಾತಿಗೂ ಮೊದಲು 'ಸರಿ' ಎಂದು, ಆಮೇಲೆ ಮುಂದಿನ ನಿಲ್ದಾಣದವರೆಗೆ ಯೋಚಿಸುವುದು ಅವನ ಅಭ್ಯಾಸ.

ಚಿತ್ರದಲ್ಲಿದ್ದದ್ದು ಊರಿನ ಸರೋವರ, ಮಾರ್ಚ್ ತಿಂಗಳಿನದು. ಹೆಪ್ಪುಗಟ್ಟಿದ ನೀರಿನ ಮೇಲೆ ಈ ದಡದಿಂದ ಆ ದಡಕ್ಕೆ ದಾಟುವ ದಾರಿ. ದಾರಿ ತಪ್ಪದಿರಲೆಂದು ಉದ್ದಕ್ಕೂ ನೆಟ್ಟ ಫರ್ ಮರದ ಕೊಂಬೆಗಳು, ಅವುಗಳ ನೀಲಿ ನೆರಳು. ಅದನ್ನು ಬರೆಯಲು ಅವಳಿಗೆ ಎರಡು ಚಳಿಗಾಲ ಹಿಡಿದಿತ್ತು. ಸರೋವರ ಕಿರಿದಾಗಿ ಹೊಳೆಯಾಗುವ ಕಡೆ, ಬಲಗಡೆಯ ಕೆಳಮೂಲೆಯಲ್ಲಿ, ಮೊದಲು ಕಪ್ಪು ನೀರು ಇತ್ತು. ಅಲ್ಲಿ ಸೆಳೆತ ಜೋರು, ಎಂಥ ಚಳಿಯಲ್ಲೂ ಮಂಜುಗಡ್ಡೆ ಗಟ್ಟಿಯಾಗುವುದಿಲ್ಲ. ಆ ಕಪ್ಪನ್ನು ತರಲು ಅವಳು ಪಟ್ಟ ಪಾಡು ಅವಳಿಗೇ ಗೊತ್ತು. ಆದರೆ ಸಂಘದ ಪ್ರದರ್ಶನಕ್ಕೆ ಇನ್ನೇನು ಮೂರು ದಿನವಿದೆ ಎನ್ನುವಾಗ ಗುರುವಾರದ ಕೂಟದ ಮೈಬ್ರಿತ್ ಚಿತ್ರದ ಮುಂದೆ ನಿಂತು ಕೆಮ್ಮಿದಳು.

"ಚೆನ್ನಾಗಿದೆ ಗುನ್ನೆಲ್, ತುಂಬಾ ಚೆನ್ನಾಗಿದೆ. ಆದ್ರೆ ಆ ಮೂಲೆ ಒಂಚೂರು... ಅಂದ್ರೆ, ಡಾಗ್ನಿ ಪ್ರದರ್ಶನಕ್ಕೆ ಬರ್ತಾಳಲ್ವಾ, ಪಾಪ."

ಡಾಗ್ನಿಯ ಗಂಡ ಹಾಲ್ವಾರ್ ಬಹಳ ವರ್ಷಗಳ ಹಿಂದೆ ಆ ಜಾಗದಲ್ಲೇ ಮಂಜುಗಡ್ಡೆ ಒಡೆದು ಮುಳುಗಿ ಸತ್ತಿದ್ದ. ಮೈಬ್ರಿತ್ ಹೇಳಿದ್ದು ಅಷ್ಟೇ. ಉಳಿದವರು ಯಾರೂ ಏನೂ ಹೇಳಲಿಲ್ಲ, ತಮ್ಮ ತಮ್ಮ ಕುಂಚ ತೊಳೆಯುತ್ತಾ ನೆಲ ನೋಡಿದರು. ಈ ಊರಲ್ಲಿ ಜನ ಒತ್ತಾಯ ಮಾಡುವುದು ಹೀಗೆಯೇ. ಗುನ್ನೆಲ್ ಎರಡು ದಿನ ಮನಸ್ಸಿನಲ್ಲೇ ಜಗಳವಾಡಿ, ಕೊನೆಗೆ ಬಿಳಿ ಬಣ್ಣ ದಪ್ಪಗೆ ಹಚ್ಚಿ ಆ ಮೂಲೆಯನ್ನು ಹಿಮದಿಂದ ಮುಚ್ಚಿಬಿಟ್ಟಳು. ನೋಡಿದವರೆಲ್ಲ "ಈಗ ಎಷ್ಟು ಚೆನ್ನಾಗಿದೆ!" ಎಂದರು. ಆ ಮಾತಿನ ಮೇಲೆ ಅವಳಿಗೆ ಎಂಥ ಹಗೆ ಹುಟ್ಟಿತ್ತೆಂದರೆ, ಬೇಕರಿಯವನು ಬ್ರೆಡ್ಡಿನ ಬಗ್ಗೆ ಹಾಗೆಂದರೂ ಅವಳ ಮೈ ಉರಿಯುತ್ತಿತ್ತು.

ಚೀಟಿಗಳು ಮುಂದುವರಿದವು. ಒಬ್ಬರು ಸೋಫಾದ ಬಣ್ಣಕ್ಕೆ ಹೊಂದುತ್ತದೆಂದು ಹಳದಿ ಚಿತ್ರ ಒಯ್ದರು. ಇನ್ನೊಬ್ಬರು ಬೇಸಿಗೆ ಮನೆಯ ಒಲೆಯ ಮೇಲೆ ಸರಿಯಾದ ಅಳತೆಯೆಂದು ಮೀನಿನ ಚಿತ್ರ ಒಯ್ದರು. ಪ್ರತಿಯೊಬ್ಬರೂ ಗುನ್ನೆಲ್‌ಳ ಸರೋವರದ ಮುಂದೆ ತಪ್ಪದೆ ನಿಂತರು, ನಿಟ್ಟುಸಿರಿಟ್ಟರು, ಅವಳ ಕಡೆ ತಿರುಗಿ ಮೆಲ್ಲಗೆ ನಕ್ಕರು, ಬೇರೇನನ್ನೋ ಎತ್ತಿಕೊಂಡರು. ಒಬ್ಬರಂತೂ ಬಗ್ಗಿ ಚೌಕಟ್ಟನ್ನು ಸವರಿ, "ಇದು ವರ್ನರ್ ಕೈಯಿನ ಕೆಲಸ ಅಲ್ವಾ? ಮೂಲೆ ಎಷ್ಟು ನಾಜೂಕಾಗಿ ಕೂಡಿಸಿದಾನೆ!" ಎಂದರು. ವರ್ನರ್ ಕುರ್ಚಿಯಲ್ಲೇ ಕೆಂಪಾದ.

ಆಮೇಲೆ ಸ್ಟೆಲ್ಲಾನ್ ಚೀಟಿ ಬಿಡಿಸಿ, ಕನ್ನಡಕ ಸರಿಮಾಡಿ, "ವರ್ನರ್!" ಎಂದು ಕೂಗಿದ.

ಗುನ್ನೆಲ್‌ಳ ಎದೆ ಒಮ್ಮೆ ಹಗುರಾಯಿತು. ಗಂಡನಾದರೇನು, ಅವನೂ ಊರಿನವನೇ, ಚಂದಾ ಕಟ್ಟಿದವನೇ. ಅವಳು ಆ ಚಿತ್ರ ಬರೆಯುವಾಗ ಅವನೆಷ್ಟು ಸಲ ಕಾಫಿ ಲೋಟ ಹಿಡಿದು ಹಿಂದೆ ನಿಂತಿರಲಿಲ್ಲ! ವರ್ನರ್ ಎದ್ದ. ಗೋಡೆಯ ಕಡೆಗೆ ನಡೆದ. ಸರೋವರದ ಮುಂದೆ ನಿಂತ. ಎಲ್ಲರೂ ಅವನನ್ನು ನೋಡುತ್ತಿದ್ದರು. ಅವನ ಕುತ್ತಿಗೆ ಹಿಂಬದಿಯಿಂದ ಕಿವಿಯವರೆಗೆ ಕೆಂಪೇರಿತು. ನಂತರ ಅವನು ಕೈಚಾಚಿ, ಪಕ್ಕದ ಮೇಜಿನ ಮೇಲಿದ್ದ ಮಣ್ಣಿನ ಗೂಬೆಯನ್ನು ಎತ್ತಿಕೊಂಡು, ತಲೆ ತಗ್ಗಿಸಿ ಬಂದು ಕುಳಿತ. ಗೂಬೆಗೆ ಒಂದು ಕಣ್ಣು ದೊಡ್ಡದಿತ್ತು, ಇನ್ನೊಂದು ಚಿಕ್ಕದಿತ್ತು.

ಉಳಿದ ಚೀಟಿಗಳನ್ನು ಗುನ್ನೆಲ್ ಸರಿಯಾಗಿ ಕೇಳಿಸಿಕೊಳ್ಳಲೇ ಇಲ್ಲ. ಕಾಫಿ ಮೇಜಿನ ಹಿಂದೆ ನಿಂತು ಮೈಬ್ರಿತ್ ತಂದ ಬಾದಾಮಿ ಕೇಕನ್ನು ನೋಡುತ್ತಿದ್ದಳು. ತಟ್ಟೆಯಲ್ಲಿ ಒಂದೇ ತುಂಡು ಉಳಿದಿತ್ತು. ಯಾರೋ ಬಂದು ಅದನ್ನು ಅರ್ಧ ಮಾಡಿ ಅರ್ಧ ತೆಗೆದುಕೊಂಡರು. ಇನ್ನೊಬ್ಬರು ಉಳಿದರ್ಧವನ್ನು ಮತ್ತೆ ಅರ್ಧ ಮಾಡಿದರು. ಈಗ ತಟ್ಟೆಯಲ್ಲಿ ಬೆರಳುಗಾತ್ರದ ಕೇಕು ನಿಂತಿತ್ತು. ಅದನ್ನು ಯಾರೂ ತಿನ್ನುವುದಿಲ್ಲ, ಬಿಸಾಡುವುದೂ ಇಲ್ಲ, ಸಂಜೆ ಮೈಬ್ರಿತ್ ಅದನ್ನು ಕಾಗದದಲ್ಲಿ ಸುತ್ತಿ ಮನೆಗೆ ಒಯ್ಯುತ್ತಾಳೆ. ಕೊನೆಯ ತುಂಡಿಗೆ ಕೈಹಾಕಿದವನನ್ನು ಈ ಊರು ಬೈಯುವುದಿಲ್ಲ, ಆದರೆ ನೆನಪಿಟ್ಟುಕೊಳ್ಳುತ್ತದೆ.

"ಕೊನೆಯದಾಗಿ, ಡಾಗ್ನಿ," ಎಂದ ಸ್ಟೆಲ್ಲಾನ್. ಡಾಗ್ನಿ ಸಭೆಗೆ ಬಂದಿರಲಿಲ್ಲ. ಅವಳು ಚಂದಾ ತಪ್ಪದೆ ಕಟ್ಟುತ್ತಾಳೆ, ಯಾರೂ ಇಲ್ಲದ ಹೊತ್ತು ನೋಡಿ ಪ್ರದರ್ಶನಕ್ಕೆ ಬಂದು ಹೋಗುತ್ತಾಳೆ, ಸಭೆಗೆ ಮಾತ್ರ ವರ್ಷಗಳಿಂದ ಬರುವುದಿಲ್ಲ. ಈ ಸಲ ಪ್ರದರ್ಶನಕ್ಕೂ ಬಂದಿರಲಿಲ್ಲ. ಗೋಡೆಯ ಮೇಲೆ ಉಳಿದದ್ದು ಒಂದೇ ಒಂದು. ಹಿಮ ಹೊದ್ದ ಸರೋವರ.

ಸ್ಟೆಲ್ಲಾನ್ ದನಿ ತಗ್ಗಿಸಿದ. "ಡಾಗ್ನಿಗೆ... ಈ ಕೆರೆ... ಅಂದ್ರೆ, ಯಾರಾದ್ರೂ ಬದಲಾಯಿಸ್ಕೊಳ್ತೀರಾ?"

"ನಾನು ಗಾಜಿನ ಬಟ್ಟಲು ಕೊಡಬಹುದಿತ್ತು," ಎಂದ ರೂನೆ, ಬಟ್ಟಲನ್ನು ಇನ್ನೂ ಬಿಗಿಯಾಗಿ ಹಿಡಿದು. "ಆದ್ರೆ ಹಾಗೆ ಮಾಡಿದ್ರೆ ನನಗೇ ಆ ಚಿತ್ರ ಬೇಕಿತ್ತು ಅಂದಂಗಾಗುತ್ತೆ."

"ಬೇಕಿತ್ತಾ ನಿನಗೆ?" ಗುನ್ನೆಲ್ ಥಟ್ಟನೆ ಕೇಳಿದಳು. ಅವಳ ದನಿ ಅಷ್ಟು ಗಟ್ಟಿಯಾಗಿ ಬರುತ್ತದೆಂದು ಅವಳಿಗೇ ತಿಳಿದಿರಲಿಲ್ಲ.

ರೂನೆ ಸುತ್ತ ನೋಡಿದ. "ಯಾರಿಗೆ ಬೇಡ ಹೇಳು? ನಮ್ಮ ಊರಿನ ಕೆರೆ. ಆದ್ರೆ ನಾನು ಮೊದಲನೇ ಚೀಟಿಗೇ ಹೋಗಿ ಅದನ್ನೇ ಬಾಚ್ಕೊಂಡ್ರೆ ಚೆನ್ನಾಗಿರುತ್ತಾ? ಇನ್ನೂ ಎಷ್ಟು ಜನ ಕಾಯ್ತಿದ್ರು."

"ನಾನೂ ಅದಕ್ಕೇ ಬಿಟ್ಟೆ," ಎಂದಳು ಗ್ರಂಥಾಲಯದವಳು, ದಿಂಬನ್ನು ಅಪ್ಪಿಕೊಂಡು. "ಮೈಬ್ರಿತ್‌ಗೆ ಬೇಕಾಗಿರುತ್ತೆ ಅಂದ್ಕೊಂಡೆ. ಅವಳು ಕೂಟದವಳಲ್ವಾ."

"ನನಗಾ?" ಮೈಬ್ರಿತ್ ಕೈ ಒರೆಸಿಕೊಂಡಳು. "ಕೂಟದವಳು ಅಂತಾನೇ ನಾನು ಹೇಗೆ ತಗೊಳ್ಳೋಕಾಗುತ್ತೆ? ನಾನು ವರ್ನರ್‌ಗೆ ಬಿಟ್ಟೆ."

ಎಲ್ಲರೂ ವರ್ನರ್ ಕಡೆ ನೋಡಿದರು. ವರ್ನರ್ ಗೂಬೆಯ ಕಡೆ ನೋಡಿದ.

ಗುನ್ನೆಲ್‌ಗೆ ಕೂಗಬೇಕೆನಿಸಿತು. ಇವರು ಹೇಳುತ್ತಿರುವುದು ನಿಜವೋ, ಈಗ ಈ ಕ್ಷಣದಲ್ಲಿ ಮರ್ಯಾದೆಗೆಂದು ಹೊಲಿದದ್ದೋ, ಅದು ಕೂಡ ಇವರ ಮುಖ ನೋಡಿದರೆ ತಿಳಿಯುವುದಿಲ್ಲ. ನಿಜವಾಗಿದ್ದರೆ ಅದಕ್ಕಿಂತ ದರಿದ್ರ ನಿಜ ಇನ್ನೊಂದಿಲ್ಲ. ಒಬ್ಬರಿಗೊಬ್ಬರು ಬಿಟ್ಟುಕೊಟ್ಟು, ಬಿಟ್ಟುಕೊಟ್ಟು, ಇವರೆಲ್ಲ ಸೇರಿ ಅವಳ ಎರಡು ಚಳಿಗಾಲವನ್ನು ತಟ್ಟೆಯ ಮೇಲಿನ ಆ ಬೆರಳುಗಾತ್ರದ ಕೇಕು ಮಾಡಿಬಿಟ್ಟಿದ್ದರು. ಸುಳ್ಳಾಗಿದ್ದರಾದರೂ ಜಗಳಕ್ಕೊಂದು ಹಿಡಿ ಸಿಗುತ್ತಿತ್ತು.

ಅವಳು ಜೇಬಿನಿಂದ ಮಹಡಿಯ ಕೀಲಿಕೈ ತೆಗೆದಳು. ಠಾಣೆಯ ಕಾಲದ್ದು, ಕಬ್ಬಿಣದ್ದು, ಅಂಗೈಯಷ್ಟು ಉದ್ದ. ಅದನ್ನು ಸ್ಟೆಲ್ಲಾನ್‌ನ ಮುಂದೆ, ಕೇಕಿನ ತಟ್ಟೆಯ ಪಕ್ಕದಲ್ಲಿ, ಸದ್ದಾಗುವಂತೆ ಇಟ್ಟಳು.

"ತಗೊಳ್ಳಿ. ಗುರುವಾರದ ಕೂಟಕ್ಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ನನ್ನ ಕೈಲಿ ಆಗಲ್ಲ."

ಸ್ಟೆಲ್ಲಾನ್ ಕೀಲಿಕೈಯನ್ನು ಹುಳುಕು ಹಲ್ಲು ನೋಡುವ ಹಾಗೆ ನೋಡಿದ. "ಅರ್ಥವಾಗುತ್ತೆ ಗುನ್ನೆಲ್, ಖಂಡಿತ ಅರ್ಥವಾಗುತ್ತೆ. ನೀವು ನಿಧಾನವಾಗಿ ಯೋಚನೆ ಮಾಡಿ. ನಾವು ಯಾರೂ ನಿಮ್ಮನ್ನ ಒತ್ತಾಯ ಮಾಡಲ್ಲ."

"ಯೋಚನೆ ಮಾಡಿಯೇ ಹೇಳ್ತಿದೀನಿ. ತಗೊಳ್ಳಿ ಅದನ್ನ."

"ಹಾಂ ಹಾಂ, ಇರಲಿ ಅಲ್ಲಿ," ಎಂದ ಸ್ಟೆಲ್ಲಾನ್. ಆದರೆ ಕೈಚಾಚಲಿಲ್ಲ. ಮೈಬ್ರಿತ್ ಮೇಜು ಒರೆಸಲು ಬಂದಳು. ಕೀಲಿಕೈಯ ಈ ಕಡೆ ಒರೆಸಿದಳು, ಆ ಕಡೆ ಒರೆಸಿದಳು, ಅದನ್ನು ಮಾತ್ರ ಮುಟ್ಟಲಿಲ್ಲ. ಜನ ಕೋಟು ಹಾಕಿಕೊಂಡು, ತಮ್ಮ ತಮ್ಮ ಬಟ್ಟಲು ದಿಂಬು ಹಿಡಿದು, "ಚೆನ್ನಾಗಿತ್ತು, ಈ ವರ್ಷ ಸಭೆ ತುಂಬಾ ಚೆನ್ನಾಗಿತ್ತು," ಎನ್ನುತ್ತಾ ಹೊರಟರು. ಕೊನೆಗೆ ಉಳಿದದ್ದು ಮೇಜಿನ ಮೇಲೆ ಕೀಲಿಕೈ, ಕೇಕಿನ ತುಂಡು. ಮಹಡಿಯ ದೀಪ ಆರಿಸಿ ಬಾಗಿಲು ಹಾಕಬೇಕಿತ್ತು. ಗುನ್ನೆಲ್ ಹಲ್ಲು ಕಚ್ಚಿ ಕೀಲಿಕೈಯನ್ನು ತಾನೇ ಎತ್ತಿಕೊಂಡಳು. ಬೀಗ ಹಾಕಿ ಹೊರಬಂದಾಗ ಅದನ್ನು ಕೊಡಲು ಅಂಗಳದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಮತ್ತೆ ಜೇಬಿಗೇ ಹಾಕಿಕೊಂಡಳು.

ಕಾರಿನಲ್ಲಿ ಗೂಬೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ವರ್ನರ್ ಅದಕ್ಕೆ ಬೆಲ್ಟ್ ಕಟ್ಟಿದ್ದ. ಅದರ ಪಕ್ಕದಲ್ಲಿ ಕಂಬಳಿ ಸುತ್ತಿದ ಸರೋವರ. ಡಾಗ್ನಿಗೆ ಅದನ್ನು ತಲುಪಿಸಲು ಎಲ್ಲರೂ ಒಂದೇ ದನಿಯಲ್ಲಿ ಸೂಚಿಸಿದ್ದು ಗುನ್ನೆಲ್‌ಳನ್ನು. "ಬರೆದವಳೇ ಕೊಟ್ರೆ ಎಷ್ಟು ಚೆಂದ" ಎಂದಿದ್ದರು.

"ಯಾಕೆ ತಗೊಳ್ಳಲಿಲ್ಲ?" ಎಂದು ಕೇಳಿದಳು ಸೇತುವೆ ದಾಟುವಾಗ.

"ಹೆಂಡತಿ ಬರೆದಿದ್ದನ್ನ ಗಂಡಾನೇ ಎತ್ಕೊಂಡ್ರೆ ಜನ ಏನಂತಾರೆ? ಯಾರಿಗೂ ಬೇಡವಾಗಿತ್ತು, ಪಾಪ, ಅದಕ್ಕೇ ಗಂಡ ತಗೊಂಡ ಅಂತಾರೆ."

"ಈಗ ಏನಂತಾರೆ? ಗಂಡನಿಗೂ ಬೇಡವಾಗಿತ್ತು ಅಂತಾರೆ!"

ವರ್ನರ್ ಮುಂದಿನ ತಿರುವಿನವರೆಗೂ ಯೋಚಿಸಿದ. "ಅದು ಹೊಳೀಲಿಲ್ಲ ನನಗೆ," ಎಂದ. ಆಮೇಲೆ, ಬಹಳ ಸಣ್ಣ ದನಿಯಲ್ಲಿ, "ನನಗೆ ಆ ಚಿತ್ರ ಇಷ್ಟ ಕಣೇ. ಮೊದಲಿದ್ದ ಹಾಗೆ ಇನ್ನೂ ಇಷ್ಟ ಆಗಿತ್ತು," ಎಂದ.

"ಅದನ್ನ ಆವಾಗ ಯಾಕೆ ಬಾಯಿ ಬಿಟ್ಟು ಹೇಳಲಿಲ್ಲ?"

"ನೀನು ಬೇಜಾರು ಮಾಡ್ಕೊಳ್ತೀಯ ಅಂತ."

ಗುನ್ನೆಲ್ ಕಿಟಕಿಯ ಕಡೆ ತಿರುಗಿಬಿಟ್ಟಳು. ಇಂಥವನನ್ನು ಬೈಯಲು ಶುರುಮಾಡಿದರೆ ಎಲ್ಲಿ ನಿಲ್ಲಿಸುವುದು? ಹಿಂದಿನ ಸೀಟಿನಿಂದ ಗೂಬೆ ತನ್ನ ದೊಡ್ಡ ಕಣ್ಣಿನಿಂದ ಅವಳ ಬೆನ್ನನ್ನೇ ನೋಡುತ್ತಿತ್ತು.

ಸೋಮವಾರ ಬೆಳಿಗ್ಗೆ ಅವಳು ಚಿತ್ರವನ್ನು ಕಂಕುಳಲ್ಲಿ ಹಿಡಿದು, ಮುಖ್ಯ ಬೀದಿಯ ಔಷಧಿ ಅಂಗಡಿಯ ಮೇಲಿನ ಮನೆಯ ಮೆಟ್ಟಿಲು ಹತ್ತಿದಳು. ಕೊಟ್ಟು ಬರುವಾಗ ದಾರಿಯಲ್ಲಿ ಸ್ಟೆಲ್ಲಾನ್‌ನ ಮನೆಯ ಅಂಚೆಪೆಟ್ಟಿಗೆಯೊಳಗೆ ಕೀಲಿಕೈ ಹಾಕಿಬಿಡುವುದು ಎಂದು ನಿರ್ಧರಿಸಿಕೊಂಡಿದ್ದಳು. ಪೆಟ್ಟಿಗೆ ಸಂಕೋಚ ಪಡುವುದಿಲ್ಲ, ಹಾಕಿದ್ದನ್ನು ನುಂಗುತ್ತದೆ.

"ಯಾರದು?" ಒಳಗಿನಿಂದ ದನಿ ಗುಡುಗಿತು. ಡಾಗ್ನಿ ಊರಿನ ಶಾಲೆಯಲ್ಲಿ ವ್ಯಾಯಾಮದ ಮೇಡಮ್ ಆಗಿದ್ದವಳು. ಊರಿನ ಅರ್ಧ ಜನಕ್ಕೆ ಈಜು ಕಲಿಸಿದವಳು, ಗುನ್ನೆಲ್‌ಗೂ. ನೀರಿನ ಆಚೆ ದಡಕ್ಕೆ ಕೇಳಿಸುವಂತೆ ಕೂಗಿದ ಗಂಟಲು ವಯಸ್ಸಾದರೂ ಇಳಿದಿರಲಿಲ್ಲ.

"ನಾನು, ಗುನ್ನೆಲ್. ಸಂಘದಿಂದ."

"ಚಂದಾ ಕಟ್ಟಾಯ್ತಲ್ಲ!"

"ಚಂದಾ ಅಲ್ಲ. ನಿಮಗೆ ಚೀಟೀಲಿ ಚಿತ್ರ ಬಂದಿದೆ."

ಬಾಗಿಲು ತೆರೆಯಿತು. ಡಾಗ್ನಿ ಉದ್ದನೆಯ ಮುದುಕಿ, ಬೂದು ಸ್ವೆಟರಿನ ತೋಳು ಮೇಲಕ್ಕೆ ಮಡಚಿದ್ದಳು. "ಯಾವುದು ಉಳೀತು?"

"ನಂದು."

"ಹಾಗನ್ನು. ಬೂಟು ಬಿಚ್ಚಿ ಒಳಗೆ ಬಾ. ಕಾಫಿ ಇದೆ, ಕೇಕು ಇಲ್ಲ. ಬ್ರೆಡ್ಡಿದೆ, ಚೀಸಿದೆ."

ಗುನ್ನೆಲ್ ಕಂಬಳಿ ಬಿಚ್ಚಿದಳು. ಡಾಗ್ನಿ ಚಿತ್ರವನ್ನು ಅಡಿಗೆಮನೆಯ ಮೇಜಿನ ಮೇಲೆ ಗೋಡೆಗೆ ಒರಗಿಸಿ, ಕುರ್ಚಿ ಎಳೆದುಕೊಂಡು, ಎದುರಿಗೆ ಕುಳಿತಳು. ಕನ್ನಡಕ ಹಾಕಿದಳು. ತೆಗೆದು ಒರೆಸಿ ಮತ್ತೆ ಹಾಕಿದಳು. ಒಲೆಯ ಮೇಲೆ ಕಾಫಿ ಉಕ್ಕಿ ಚರ್ರೆಂದಿತು. ಅವಳು ಏಳಲಿಲ್ಲ. ಗುನ್ನೆಲ್ ಹೋಗಿ ಒಲೆ ಆರಿಸಿ ಬಂದಳು. ಇನ್ನು ಬರುತ್ತದೆ 'ಎಷ್ಟು ಚೆನ್ನಾಗಿದೆ' ಎಂಬ ಆ ಮಾತು ಎಂದು ಮೈ ಬಿಗಿಹಿಡಿದು ನಿಂತಳು.

"ಇದು ತಪ್ಪು," ಎಂದಳು ಡಾಗ್ನಿ.

ಗುನ್ನೆಲ್ ಬಗ್ಗಿ ನೋಡಿದಳು.

"ಈ ಮೂಲೆ. ಇಲ್ಲಿ ನೀರೆಲ್ಲಿ? ಮಿಕ್ಕಿದ್ದೆಲ್ಲ ಸರಿಯಾಗಿದೆ. ಕೊಂಬೆ ನೆರಳು ಸರಿಯಾಗಿದೆ, ಆ ದಡದ ಹೊಗೆ ಬಣ್ಣ ಸರಿಯಾಗಿದೆ. ಇಲ್ಲಿ ಮಾತ್ರ ಯಾರೋ ಬಂದು ಬೆಡ್‌ಶೀಟು ಹೊದಿಸಿಟ್ಟ ಹಾಗಿದೆಯಲ್ಲೇ."

"ಆ ವರ್ಷ ಚಳಿ ಜಾಸ್ತಿ ಇತ್ತು, ಅದಕ್ಕೇ..." ಗುನ್ನೆಲ್ ಶುರುಮಾಡಿದಳು.

"ಚಳಿ ಕತೆ ನನಗೆ ಹೇಳ್ಬೇಡ. ಅಲ್ಲಿ ಯಾವ ವರ್ಷವೂ ಕಟ್ಟಿಲ್ಲ, ಕಟ್ಟೋದೂ ಇಲ್ಲ. ನಿನಗೆ ಈಜು ಕಲಿಸುವಾಗಲೇ ಹೇಳಿರ್ಲಿಲ್ವಾ, ಆ ಕಡೆ ಹೋಗ್ಬೇಡ ಅಂತ?"

ಸುಳ್ಳು ಗುನ್ನೆಲ್‌ಳ ಬಾಯಲ್ಲೇ ಒಣಗಿತು. "ಇತ್ತು," ಎಂದಳು. "ಕಪ್ಪು ನೀರೇ ಇತ್ತು. ನಾನೇ ಮುಚ್ಚಿದೆ."

"ಯಾಕೆ?"

"ನಿಮಗೋಸ್ಕರ."

ಡಾಗ್ನಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಅವಳು ಕೂಗುತ್ತಾಳೆಂದು ಗುನ್ನೆಲ್ ಅಂದುಕೊಂಡಿದ್ದಳು, ಆದರೆ ದನಿ ಏರಲಿಲ್ಲ.

"ನನ್ನನ್ನ ಒಂದು ಮಾತು ಕೇಳಿದ್ರಾ? ಹಾಲ್ವಾರ್ ಹೋದ ದಿನದಿಂದ ಹೀಗೇ. ನಾನು ಒಳಗೆ ಕಾಲಿಟ್ರೆ ಸಾಕು, ಎಲ್ಲಾರ ದನಿ ತಗ್ಗುತ್ತೆ. ಕೆರೆ ಮಾತು ನಿಂತು ಕೇಕಿನ ಮಾತು ಶುರುವಾಗುತ್ತೆ. ಎಷ್ಟು ಕೇಕಿನ ಮಾತು ಕೇಳಲಿ ನಾನು? ಅದಕ್ಕೇ ನಿಮ್ಮ ಸಭೆಗೆ ಬರೋದು ಬಿಟ್ಟೆ. ಅವನ ಹೆಸರನ್ನ ಬೇರೆಯವರ ಬಾಯಲ್ಲಿ ಕೊನೇ ಸಲ ಕೇಳಿದ್ದು ಯಾವಾಗ ಅಂತ ನನಗೇ ನೆನಪಿಲ್ಲ. ಅವನೇನು ಕಳ್ಳತನ ಮಾಡಿ ಓಡಿಹೋದ್ನಾ? ಪ್ರತಿ ಚಳಿಗಾಲ ಈ ಕೊಂಬೆ ನೆಡ್ತಿದ್ದೋನು ಅವನು. ನಿಮ್ಮಪ್ಪ, ನಿಮ್ಮಮ್ಮ ಎಲ್ಲಾ ಆ ದಡಕ್ಕೆ ಹೋಗಿಬಂದಿದ್ದು ಅವನು ತೋರಿಸಿದ ದಾರೀಲಿ. ಒಂದು ಕೊಂಬೆ ಗಾಳಿಗೆ ಹಾರಿಹೋಯ್ತು ಅಂತ ತರೋಕೆ ಹೋದ. ಅಲ್ಲಿಗೆ." ಅವಳು ಬಿಳಿಯ ಮೂಲೆಯನ್ನು ಬೆರಳಿನಿಂದ ತಟ್ಟಿದಳು. "ನೀವೆಲ್ಲ ಒಳ್ಳೇ ಜನ. ಸೇರ್ಕೊಂಡು ಅವನ ಮೇಲೆ ಹಿಮ ಹಾಕಿದೀರಿ."

ಗುನ್ನೆಲ್‌ಗೆ ಎಲ್ಲಾದರೂ ಅಡಗಿಕೊಳ್ಳುವಷ್ಟು ನಾಚಿಕೆಯಾಯಿತು. ನಿನ್ನೆಯಿಡೀ ಅವಳು ಊರಿನ ಮೇಲೆ ಉರಿದುಬಿದ್ದಿದ್ದಳು. ಆ ಊರು ಅವಳ ಕುಂಚದ ತುದಿಯಲ್ಲೇ ಕುಳಿತಿತ್ತು. ಮೈಬ್ರಿತ್ ಕೆಮ್ಮಿದ್ದಳು, ಅಷ್ಟೇ. ಬಿಳಿ ಹಚ್ಚಿದ್ದು ಮೈಬ್ರಿತ್ ಅಲ್ಲ. ಆದರೂ ಆ ನಾಚಿಕೆಯ ಜೊತೆಜೊತೆಗೇ ಅವಳಿಗೆ ಒಂದು ಖುಷಿಯೂ ಆಗುತ್ತಿತ್ತು, ಅದನ್ನು ತಡೆಯಲು ಆಗಲಿಲ್ಲ. ಈ ಊರಿನಲ್ಲಿ ಮೊದಲ ಸಲ ಯಾರೋ ಅವಳ ಚಿತ್ರವನ್ನು ನೋಡಿ ಸಿಟ್ಟಾಗಿದ್ದರು.

"ಅಡಿಯಲ್ಲಿ ಇನ್ನೂ ಇದೆ," ಎಂದಳು. "ಕಪ್ಪು ಒಣಗಿ ಗಟ್ಟಿಯಾದ ಮೇಲೆ ಹಚ್ಚಿದ್ದು ಈ ಬಿಳಿ. ದಪ್ಪ ಇದೆ, ಇನ್ನೂ ಒಳಗೆ ಪೂರ್ತಿ ಒಣಗಿಲ್ಲ. ಕೆರೆದ್ರೆ ಬರಬಹುದು. ಆದ್ರೆ ಚಿತ್ರ ಈಗ ನಿಮ್ಮದು."

"ನಂದು ತಾನೆ? ಮತ್ತೇನು ನೋಡ್ತಿದೀಯ? ಕೆರಿ."

ಡಾಗ್ನಿ ಎದ್ದು ಚೀಸ್ ಹೆರೆಯುವ ಚಪ್ಪಟೆ ಕತ್ತಿಯನ್ನು ತಂದು ಕೊಟ್ಟಳು. ಗುನ್ನೆಲ್ ಒಂದು ಸಲ ಎಳೆದು ನೋಡಿದಳು. ಅದು ಬಣ್ಣದ ಮೇಲೆ ಜಾರಿತು, ಹಿಡಿತ ಸಿಗಲಿಲ್ಲ. ತರಕಾರಿ ಚಾಕು ತೀರಾ ಹರಿತ, ಚಿತ್ರದ ಹಲಗೆಗೇ ಇಳಿಯುತ್ತದೆಂದು ಹೆದರಿಕೆಯಾಯಿತು. ಅವಳು ಸುತ್ತ ನೋಡಿ, ಏನೂ ತೋಚದೆ, ಕೋಟಿನ ಜೇಬಿಗೆ ಕೈ ಹಾಕಿದಳು.

ಕೀಲಿಕೈಯ ಅಂಚು ಸರಿಯಾಗಿತ್ತು. ಹರಿತವೂ ಅಲ್ಲ, ಮೊಂಡೂ ಅಲ್ಲ. ಡಾಗ್ನಿ ಚೌಕಟ್ಟನ್ನು ಎರಡೂ ಕೈಯಿಂದ ಒತ್ತಿಹಿಡಿದಳು. ಗುನ್ನೆಲ್ ಬಗ್ಗಿ, ಮೂಲೆಯಿಂದ ಶುರುಮಾಡಿ, ಬಿಳಿಯನ್ನು ಸ್ವಲ್ಪಸ್ವಲ್ಪವಾಗಿ ಎಬ್ಬಿಸಿದಳು. ಅದು ಹಾಲಿನ ಕೆನೆಯ ಹಾಗೆ ಮುದುರಿಕೊಂಡು ಮೇಜಿನ ಮೇಲೆ ಬಿತ್ತು. ಅಡಿಯಲ್ಲಿ ಕಪ್ಪು ಹಾಗೆಯೇ ಇತ್ತು. ಬರೀ ಕಪ್ಪಲ್ಲ, ಆಳದಲ್ಲಿ ಹಸಿರು, ಅಂಚಿನಲ್ಲಿ ತೆಳ್ಳನೆಯ ಮಂಜುಗಡ್ಡೆಯ ಬೂದು. ಅಲ್ಲಲ್ಲಿ ಬಿಳಿಯ ಗೀರುಗಳು ಉಳಿದುಕೊಂಡವು.

"ಅವನ್ನೂ ತೆಗೀಲಾ?"

"ಬೇಡ. ಗಾಳಿ ಇದ್ದ ದಿನ ನೀರು ಹಾಗೇ ಇರುತ್ತೆ."

ಡಾಗ್ನಿ ಬಹಳ ಹೊತ್ತು ನೋಡಿದಳು. ಅಳಲಿಲ್ಲ. ತೋರುಬೆರಳಿನಿಂದ ದಾರಿಯ ಕೊನೆಯ ಕೊಂಬೆಯನ್ನು ಮುಟ್ಟಿ, ಅಲ್ಲಿಂದ ಮೆಲ್ಲಗೆ ನೀರಿನ ಅಂಚಿನವರೆಗೆ ಬಂದು ನಿಲ್ಲಿಸಿದಳು. ಬೆರಳಿಗೆ ಸ್ವಲ್ಪ ಬಿಳಿ ಮೆತ್ತಿತು. ಅದನ್ನು ಸ್ವೆಟರಿಗೆ ಒರೆಸಿಕೊಂಡಳು.

"ಗುರುವಾರ ಎಷ್ಟು ಹೊತ್ತಿಗೆ ನಿಮ್ಮ ಕೂಟ?" ಎಂದು ಕೇಳಿದಳು, ತಣ್ಣಗಾದ ಕಾಫಿಯನ್ನು ಬಗ್ಗಿಸುತ್ತಾ.

"ಆರಕ್ಕೆ."

"ಮೈಬ್ರಿತ್ ಕೇಕು ತರ್ತಾಳಾ?"

"ತಪ್ಪದೆ ತರ್ತಾಳೆ."

"ಕರ್ಮ. ಇರಲಿ, ಬರ್ತೀನಿ. ಆ ಕೊನೇ ತುಂಡು ಮಿಕ್ಕಿರುತ್ತಲ್ಲ, ನಾನು ತಿಂತೀನಿ."

ಗುನ್ನೆಲ್ ಕಿಟಕಿಯ ಪಕ್ಕ ಕುಳಿತು, ಕೀಲಿಕೈಯನ್ನು ಬೆಳಕಿಗೆ ಹಿಡಿದು, ಅದರ ಹಲ್ಲುಗಳ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಬಿಳಿ ಬಣ್ಣವನ್ನು ಉಗುರಿನಿಂದ ಒಂದೊಂದಾಗಿ ಬಿಡಿಸತೊಡಗಿದಳು.